ಅಭ್ಯಾಸ ಎಂದು ಬರೆದದ್ದು

ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಬ್ರೆಜಿಲ್‌ನಲ್ಲಿ ಅವಳು ಹೆಸರಾಂತ ಹಾಡುಗಾರ್ತಿ. ಹದಿನಾರಕ್ಕೇ ರೇಡಿಯೋದಲ್ಲಿ ಹಾಡಿದವಳು. ಕಾರ್ನಿವಲ್‌ನಲ್ಲಿ ಲಾರಿಯ ಮೇಲೆ ನಿಂತು ಹಾಡಿದರೆ ಬೀದಿಗೆ ಬೀದಿಯೇ ಹಿಂದೆ ಬರುತ್ತಿತ್ತಂತೆ. ಗಂಡನೇ ಮ್ಯಾನೇಜರ್. ವೇದಿಕೆಯಲ್ಲಿ ಅವನ ಹೆಸರು ಹೇಳಲು ಮರೆತ ದಿನ ಮೊದಲ ಏಟು ಬಿತ್ತೆಂದು ನಮಗೆ ಆಮೇಲೆ ತಿಳಿಯಿತು. ಹಾಡಿನ ಪ್ರವಾಸಕ್ಕೆಂದು ಕರೆತಂದವನು ಪರ್ತ್‌ನಲ್ಲೇ ಉಳಿಸಿಕೊಂಡಿದ್ದ.

ಒಂದು ಭಾನುವಾರ ಮಧ್ಯಾಹ್ನ ಗೋಡೆಯಾಚೆ ಏನೋ ಧಡಾರನೆ ಬಿತ್ತು. ಅವಳ ಧ್ವನಿ ಏರುತ್ತ ಹೋಗಿ ತಟ್ಟನೆ ನಿಂತಿತು. ಅಥವಾ ಧ್ವನಿಯೇ ಮೊದಲೋ? ಆ ಸಂಜೆ ಡೈರಿಯಲ್ಲಿ ಬರೆದೆ: "ಪಕ್ಕದ ಮನೆಯಲ್ಲಿ ಹಾಡಿನ ಅಭ್ಯಾಸ ಜೋರು."

ಹೆಂಡತಿಗೆ ನೆನಪಿರುವುದೇ ಬೇರೆ. ನಾವು ಪಿಆರ್‌ಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಕಾಯುತ್ತಿದ್ದ ದಿನಗಳು ಅವು.

"ರೀ, ಅದು ಹಾಡಲ್ಲ, ಹೊಡೀತಿದಾನೆ, ಪೊಲೀಸ್‌ಗೆ ಫೋನ್ ಮಾಡಿ ಅಂದೆ. ನೀವೇನಂದ್ರಿ? ಪಿಆರ್ ಬರೋವರ್ಗೂ ಪೊಲೀಸು ಗಿಲೀಸು ಬೇಡ ಕಣೇ ಅಂದ್ರಿ. ದೊಡ್ಡ ಓದಿದೋರು!"

ಹಾಗೆ ಅಂದದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎನ್ನುವುದನ್ನೂ ಈಗ ಪೂರ್ತಿ ನಂಬುವುದಿಲ್ಲ.

ಗಂಡ ಹತ್ತಿರ ಸುಳಿಯದಂತೆ ಆದೇಶ ಕೊಡಿ ಎಂದು ಅವಳು ಕೋರ್ಟಿಗೆ ಹೋದಾಗ ನಾನೇ ಸಾಕ್ಷಿ. ಅಷ್ಟರಲ್ಲಿ ಪಿಆರ್ ಬಂದಿತ್ತು, ಧೈರ್ಯವೂ ಬಂದಿತ್ತು. ತಾರೀಕು ತಪ್ಪಬಾರದೆಂದು ಡೈರಿ ಒಯ್ದೆ. ಗಂಡನ ವಕೀಲ ಆ ಭಾನುವಾರದ ಸಾಲನ್ನು ನನ್ನಿಂದಲೇ ಓದಿಸಿ, ನನ್ನಿಂದಲೇ ಇಂಗ್ಲಿಷಿಗೆ ಮಾಡಿಸಿದ.

"ಅಭ್ಯಾಸ ಅಂತ ಬರೆದವರು ನೀವೇ ತಾನೆ?"

"ಹೌದು."

ಅವಳು ತಲೆ ಎತ್ತಲಿಲ್ಲ. ಆದೇಶ ಸಿಗಲಿಲ್ಲ.

ಬ್ರಿಸ್ಬೇನ್ ಹತ್ತಿರದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ಗೆ, ಗೆಳತಿಯ ಮನೆಗೆ ಓಡಿದಳು. ಗಂಡ ಅಲ್ಲಿಗೂ ಹೋದ. ಗ್ಯಾರೇಜಿನಲ್ಲಿ ಮೈಕ್ ಸ್ಟ್ಯಾಂಡಿನಿಂದ ಹೊಡೆದು ದವಡೆ ಮುರಿದ. ಬಿದ್ದ ಮೇಲೂ ಕತ್ತು ತುಳಿದ. ಜೀವ ಉಳಿಯಿತು. ಇನ್ನು ಹಾಡಲಾಗದು ಎಂದರು ಡಾಕ್ಟರು.

ಆಗ ನಾವು ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿದ್ದೆವು. ಫೋನಿನಲ್ಲಿ ಅವಳ ಧ್ವನಿ ಗುರುತೇ ಸಿಗಲಿಲ್ಲ.

"ಅವನ ಮೇಲೆ ಕೇಸ್ ನಡೀತಿದೆ. ಪರ್ತ್‌ನಲ್ಲಿ ನಡೆದದ್ದೂ ಕೇಳ್ತಾರೆ. ಬರ್ತೀರಾ, ಮಿಸ್ಟರ್ ಡೈರಿ? ಈ ಸಲ ಹೊರಗೆ ಬಂದ್ರೆ ನನ್ನ ಕೊಂದೇ ಹಾಕ್ತಾನೆ."

ಹೋದೆ.

"ಮೊದಲು ಏನು ಕೇಳಿಸಿತು?" ಸರ್ಕಾರಿ ವಕೀಲ ಕೇಳಿದ.

"ಏಟು. ಆಮೇಲೆ ಕಿರುಚಾಟ. ಹೊಡೆಯುತ್ತಿದ್ದಾನೆ ಅಂತ ಗೊತ್ತಿತ್ತು."

ಗಂಡನ ವಕೀಲ ಎದ್ದ. "ಗೊತ್ತಿದ್ದೂ ಅಭ್ಯಾಸ ಅಂತ ಯಾಕೆ ಬರೆದಿರಿ?"

"ಹೆದರಿಕೊಂಡು."

ತಡವರಿಸದೆ ಹೇಳಿದೆ. ಹೇಳಿದ್ದರಲ್ಲಿ ನನ್ನ ನೆನಪು ಎಷ್ಟು, ಹೆಂಡತಿಯದೆಷ್ಟು, ಈಗಲೂ ತಿಳಿಯದು. ಅವನು ಜೈಲಿಗೆ ಹೋದ. ಕೋರ್ಟಿನ ಹೊರಗೆ ಮೆಟ್ಟಿಲ ಮೇಲೆ ಅವಳಿಗೆ ನೆನಪಿನ ಆ ಅನುಮಾನವನ್ನೇ ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಬೇಡ," ಅಂದಳು. "ನಂಗೆ ಹೇಳ್ಬೇಡಿ."