ಇಂಜಿನ್ನಿನ ಬಾಯಿಗೆ ಪಂಚಾಮೃತ

ಹಳೆಯ ಕಾರುಗಳ ಹುಚ್ಚು ಇರುವವರಿಗೂ ನಮ್ಮ ಕಾರು ಬೇಡ. ಅಮೆರಿಕದ್ದೇ, ಹಳೆಯದೇ, ಆದರೆ ಅದರ ಹಿಂದೆ ರೆಕ್ಕೆಗಳಿಲ್ಲ, ಛಾವಣಿ ತೆರೆಯುವುದಿಲ್ಲ, ಮೂತಿಯ ಮೇಲೆ ಹೊಳೆಯುವ ಗೊಂಬೆಯೂ ಇಲ್ಲ. ನಾಲ್ಕು ಬಾಗಿಲಿನ, ಬೂದುಬಣ್ಣದ, ಸಂಸಾರವಂದಿಗರ ಗಾಡಿ. ಅದನ್ನು ತಯಾರಿಸಿದ ಕಂಪನಿಯೇ ಎಂದೋ ಬಾಗಿಲು ಹಾಕಿದೆ. ಕೊಲ್ಲಾಪುರದಿಂದ ಒಬ್ಬ ಶೋಕಿಯ ಯಜಮಾನರು ಅದನ್ನು ನೋಡಲೆಂದೇ ನಮ್ಮ ಅಕ್ಕೋಳಕ್ಕೆ ಬಂದಿದ್ದರು. ಸುತ್ತ ಒಂದು ಸಲ ಓಡಾಡಿ, ಚಹಾ ಕುಡಿದು, ಎರಡೇ ಬಾಗಿಲಿನದಾಗಿದ್ದರೆ ಮಾತು ಬೇರೆ ಇತ್ತು ಎಂದು ಹೇಳಿ ಹೋದರು. ಅವರಿಗೆ ಚಹಾ ಕೊಟ್ಟದ್ದೇ ದಂಡ ಎಂದು ನನಗೆ ಸಿಟ್ಟು ಬಂತು.

ಮಾವನವರು ಅದನ್ನು ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಂದ ಕೊಂಡಿದ್ದರು. ಅಥಣಿಯ ತವರಿನಿಂದ ನಾನು ಮದುವಣಗಿತ್ತಿಯಾಗಿ ಬಂದದ್ದು ಅದರ ಹಿಂದಿನ ಸೀಟಿನಲ್ಲಿ, ಇಬ್ಬರು ನಾದಿನಿಯರ ನಡುವೆ ಸಿಕ್ಕಿಕೊಂಡು. ಅಲ್ಲಿಂದ ನನಗೆ ಕಂಡದ್ದು ಮಾವನವರ ಕೈ ಮತ್ತು ಗೇರಿನ ಕಡ್ಡಿ. ಆ ಕಡ್ಡಿ ನೆಲದಿಂದ ಎದ್ದು ಬಂದದ್ದಲ್ಲ, ಸ್ಟೀರಿಂಗಿನ ಬುಡದಲ್ಲೇ ಇತ್ತು. ಅವರು ಅದನ್ನು ಎಷ್ಟು ಹಗುರಾಗಿ ಎಳೆಯುತ್ತಿದ್ದರೆಂದರೆ ಇದನ್ನು ನಾನೂ ಮಾಡಬಲ್ಲೆ ಎಂದು ಆ ದಿನವೇ ಅನ್ನಿಸಿತ್ತು. ಹೊಸ ಸೊಸೆ ಅಂಥ ಮಾತನ್ನು ಬಾಯಿಬಿಟ್ಟು ಆಡುವ ಹಾಗಿರಲಿಲ್ಲ. ಆಮೇಲೆ ಡ್ರೈವರನ ಸೀಟಿನಲ್ಲಿ ಮಾವ ಕುಳಿತರು, ಗಂಡ ಕುಳಿತರು, ಮೈದುನ ಕುಳಿತ. ನಾನು ಹಿಂದೆಯೇ ಉಳಿದೆ.

ನನಗೆ ಆ ಗಾಡಿಯ ಜೊತೆ ಇದ್ದದ್ದು ಒಂದೇ ಕೆಲಸ. ಖಂಡೇನವಮಿಯ ದಿನ ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆ. ಕಾರನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣು ಇಡುತ್ತಿದ್ದರು. ಎತ್ತುಗಳಿಗೆ ಹೋಳಿಗೆ ತಿನ್ನಿಸುವ ಮನೆ ನಮ್ಮದು. ಕಾರನ್ನು ಉಪವಾಸ ಕೆಡವುವುದು ಹೇಗೆ? ಅತ್ತೆಯವರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಮುಂದಿನ ಮುಚ್ಚಳ ಎತ್ತಿದರೆ ಇಂಜಿನ್ನಿನ ನೆತ್ತಿಯ ಮೇಲೆ ಗಾಳಿ ಎಳೆದುಕೊಳ್ಳುವ ಡಬ್ಬಿ ಇರುತ್ತದೆ. ಅದನ್ನು ತೆಗೆದರೆ ಕೆಳಗೊಂದು ತೂತು. ಅದೇ ಇಂಜಿನ್ನಿನ ಬಾಯಿ ಎಂದು ನಿರ್ಧಾರವಾಗಿ, ಬೆಳ್ಳಿ ಬಟ್ಟಲಿನ ಪಂಚಾಮೃತವನ್ನು ಅದರೊಳಗೆ ಹಾಕುವ ಕೆಲಸ ಮನೆಯ ಹಿರಿಯ ಸೊಸೆಯದಾಯಿತು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಗಾಡಿ ಚಾಲೂ ಇರುವಾಗಲೇ ಹಾಕುತ್ತಿದ್ದೆ. ಅದು ಕೆಮ್ಮುತ್ತಿತ್ತು. ಕುಡಿಯಿತು, ಕುಡಿಯಿತು ಎಂದು ಎಲ್ಲರೂ ನಗುತ್ತಿದ್ದರು. ಆಮೇಲೆ ಮಾವನವರು ಗಾಡಿಯನ್ನು ಮುಂದೆ ಬಿಟ್ಟು ಲಿಂಬೆಹಣ್ಣು ಅರೆಯುತ್ತಿದ್ದರು.

ಒಂದು ವರ್ಷ ಅದು ಚಾಲೂ ಆಗಲಿಲ್ಲ. ಮುಂದಿನ ವರ್ಷವೂ ಇಲ್ಲ. ಅಮೆರಿಕದ ಮಾಲು, ನಮ್ಮ ಹವಾಕ್ಕೆ ತಾಳಲಿಲ್ಲ ಎಂದು ಗಂಡಸರು ತೀರ್ಮಾನ ಕೊಟ್ಟು ತಂಬಾಕು ತುಂಬಿಡುವ ವಖಾರಿಯ ಮೂಲೆಗೆ ತಳ್ಳಿದರು. ತಂಬಾಕಿನ ಘಾಟಿಗೆ ಇಲಿಗಳು ಹತ್ತಿರ ಸುಳಿಯಲಿಲ್ಲ, ಸೀಟುಗಳು ಉಳಿದವು. ಪೂಜೆ ಮಾತ್ರ ತಪ್ಪಲಿಲ್ಲ. ಮಲಗಿದ ಎತ್ತಿಗೆ ಆರೈಕೆ ಹೆಚ್ಚು ಮಾಡುವ ಹಾಗೆ ಅತ್ತೆಯವರು ಬಟ್ಟಲು ದೊಡ್ಡದು ಮಾಡಿದರು. ನಾನು ಹಾಕುತ್ತಾ ಹೋದೆ.

ಮಾವನವರು ಹೋದರು. ಆಮೇಲೆ ನನ್ನ ಗಂಡನೂ ಹೋದರು. ಐವತ್ತು ದಾಟಿದ ಮೇಲೆ ನಾನು ಟ್ರ್ಯಾಕ್ಟರ್ ಕಲಿತೆ, ಯಾಕೆಂದರೆ ಹೊಲ ನನ್ನ ಕೊರಳಿಗೆ ಬಿತ್ತು ಮತ್ತು ಡ್ರೈವರನ ದಾರಿ ಕಾಯುವ ತಾಳ್ಮೆ ನನಗಿರಲಿಲ್ಲ. ಊರವರು ಒಂದು ವರ್ಷ ಆಡಿಕೊಂಡರು, ಆಮೇಲೆ ತಮ್ಮ ಹೊಲ ಹರಗಿಕೊಡಲು ಕೇಳತೊಡಗಿದರು. ಆಗಿನಿಂದ ವಖಾರಿಗೆ ಹೋದಾಗಲೆಲ್ಲ ಆ ಕಾರಿನ ಮೇಲೆ ಕಣ್ಣು ಹೋಗುತ್ತಿತ್ತು.

ಎರಡು ವರ್ಷದ ಕೆಳಗೆ ಹೆದ್ದಾರಿಯ ಮೇಲೆ ಹೋಟೆಲು ನಡೆಸುವವನೊಬ್ಬ ಅದನ್ನು ಕೇಳಿಕೊಂಡು ಬಂದ. ಇಂಜಿನ್ನು ಕಿತ್ತು ಹಾಕಿ, ಛಾವಣಿ ಕೊಯ್ದು, ಹೋಟೆಲಿನ ಮುಂದೆ ನಿಲ್ಲಿಸುತ್ತಾನಂತೆ. ಊಟಕ್ಕೆ ಬಂದವರು ಅದರಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳಲಿಕ್ಕೆ. ಮೈದುನ ಅಲ್ಲೇ ಒಪ್ಪಿಕೊಂಡ. ವಖಾರಿಯಲ್ಲಿ ಸೋಯಾಬೀನಿನ ಚೀಲ ಇಡಲು ಅವನಿಗೆ ಜಾಗ ಬೇಕಿತ್ತು. ಅವನು ಕೆಟ್ಟವನಲ್ಲ, ನನಗಿಂತ ಚಿಕ್ಕವನು, ನನ್ನ ಕೈಯ ರೊಟ್ಟಿ ತಿಂದು ಬೆಳೆದವನು. ಆದರೆ ಕೆಲಸಕ್ಕೆ ಬಾರದ್ದು ಯಾವುದೆಂದು ಹೇಳುವ ಹಕ್ಕು ಹುಟ್ಟಿನಿಂದಲೇ ತನಗೆ ಬಂದಿದೆ ಎಂದು ತಿಳಿದಿದ್ದಾನೆ. ಕೊಡುವುದಿಲ್ಲ ಎಂದೆ. ಅದನ್ನು ನಾನು ನಡೆಸುತ್ತೇನೆ ಎಂದೂ ಹೇಳಿಬಿಟ್ಟೆ. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಸಣ್ಣ ಮಗುವಿಗೆ ಹೇಳುವ ಹಾಗೆ ಸಮಾಧಾನವಾಗಿ ಹೇಳಿದ.

"ವೈನಿ, ಬರೂ ಖಂಡೇನವಮಿಗೆ ಚಿಕ್ಕೋಡಿಗೆ ಹೋಗಿ ಬರ್ರಿ. ಹೋಗಿ ಬಂದ್ರ ಗಾಡಿ ನಿಮ್ಮದು. ನಡುವ ಯಾರರ ಕೈ ಹಚ್ಚಿ ದಬ್ಬಿದ್ರ, ಹಗ್ಗಾ ಕಟ್ಟಿ ಎಳದ್ರ, ಹೊಟೇಲಿನಾಂವಂದು."

ಆಗಲಿ ಎಂದೆ. ಅತ್ತೆಯವರು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಾ ಎಲ್ಲ ಕೇಳಿಸಿಕೊಂಡರು.

ಗಾಡಿ ನೋಡಲು ಬಂದ ಮಿಸ್ತ್ರಿಗಳೆಲ್ಲ ಒಂದೇ ಮಂತ್ರ ಹೇಳಿದರು: ಇಂಜಿನ್ನು ಗುಜರಿಗೆ ಹಾಕಿರಿ, ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನು ಕೂಡ್ರಿಸಿರಿ. ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಔಷಧ ಅದೊಂದೇ. ಟ್ರ್ಯಾಕ್ಟರು ನನ್ನ ಹತ್ತಿರ ಇದೆ, ನನಗೆ ಬೇಕಾದದ್ದು ಕಾರು ಎಂದು ಎಲ್ಲರನ್ನೂ ಸಾಗಹಾಕಿದೆ. ಕೊನೆಗೆ ನಿಪ್ಪಾಣಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಸಿಕ್ಕರು. ಹರೆಯದಲ್ಲಿ ತಂಬಾಕಿನ ಸಾವಕಾರರ ಕಾರುಗಳನ್ನೆಲ್ಲ ಬಿಚ್ಚಿ ಜೋಡಿಸಿದವರು, ಈಗ ಮಗನ ಗ್ಯಾರೇಜಿನ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. ಕಾರಿನ ಹೆಸರು ಹೇಳುತ್ತಿದ್ದ ಹಾಗೆ ಕುರ್ಚಿಯಿಂದ ಎದ್ದರು.

ವಾರಕ್ಕೆರಡು ಸಲ ಅವರು ವಖಾರಿಗೆ ಬರುತ್ತಿದ್ದರು. ಗಾಡಿಯನ್ನು ಹೊರಗೆ ಎಳೆದಾಗ ಗಾಲಿಗಳ ಪಕ್ಕದಲ್ಲಿ ಗೋಲಿಗಳ ಹಾಗೆ ಒಣಗಿ ಕಪ್ಪಾದ ಲಿಂಬೆಹಣ್ಣುಗಳು ಸಿಕ್ಕವು, ವರ್ಷ ವರ್ಷ ಇಟ್ಟವು, ಒಂದೂ ಅರೆದಿರಲಿಲ್ಲ. ಇಂಜಿನ್ನು ಬಿಗಿದು ಕುಳಿತಿತ್ತು. ಮಿಸ್ತ್ರಿಯವರು ಡೀಸೆಲ್ ಸುರಿದು ಎಂಟು ದಿನ ಬಿಟ್ಟರು, ಮತ್ತೆ ಸುರಿದು ತಿಂಗಳು ಬಿಟ್ಟರು. ಕದಲಲಿಲ್ಲ. ಒಂದು ಮಧ್ಯಾಹ್ನ ಮೇಲಿನ ಭಾಗ ಬಿಚ್ಚಿದಾಗ ಒಳಗೆಲ್ಲ ಕರಿಯ ಹೆಪ್ಪು. ಅವರು ಉಗುರಿನಿಂದ ಕೆರೆದು, ಮೂಸಿ, ನಾಲಿಗೆಗೆ ಹಚ್ಚಿಕೊಂಡರು.

"ಅಕ್ಕಾರ, ಇದು ತುಕ್ಕ ಅಲ್ರಿ. ಸಿಹಿ ಐತಿ. ಇದರಾಗ ಏನ್ ಹಾಕೀರಿ?"

ನನಗೆ ಅಲ್ಲೇ ಗೊತ್ತಾಯಿತು. ಅಮೆರಿಕದ ಮಾಲೂ ಅಲ್ಲ, ನಮ್ಮ ಹವಾವೂ ಅಲ್ಲ. ನಾನು ಕುಳಿತು ನಡೆಸಬೇಕೆಂದು ಆಸೆಪಟ್ಟ ಗಾಡಿಯನ್ನು ನಾನೇ ನನ್ನ ಕೈಯಾರೆ, ವರ್ಷಕ್ಕೊಂದು ಬಟ್ಟಲಿನಂತೆ, ಬಾಯಿ ಕಟ್ಟಿಸಿ ಮಲಗಿಸಿದ್ದೆ. ಮಿಸ್ತ್ರಿಯವರಿಗೆ ನಿಜ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ನನಗೆ ನಗು ಬರಲಿಲ್ಲ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಸಿಟ್ಟು ಬಂದದ್ದು ಒಳ್ಳೆಯದಾಯಿತು. ಸಕ್ಕರೆ ಪಾಕ ಹಿಡಿದ ಪಾತ್ರೆಯನ್ನು ಯಾರಾದರೂ ಎಣ್ಣೆ ಹಾಕಿ ತಿಕ್ಕುತ್ತಾರೆಯೇ? ಡೀಸೆಲ್ಲಿಗೆ ಸಕ್ಕರೆ ಕರಗುವುದಿಲ್ಲ, ಕುದಿಯುವ ನೀರಿಗೆ ಕರಗುತ್ತದೆ. ಅದು ಮಿಸ್ತ್ರಿಗೆ ಹೊಳೆಯಲಿಲ್ಲ, ಬಾಳೆಲ್ಲ ಪಾತ್ರೆ ತಿಕ್ಕಿದ ನನಗೆ ಹೊಳೆಯಿತು. ಇಂಜಿನ್ನಿಗೆ ನೀರು ಹಾಕುವುದೇ ಎಂದು ಅವರು ಹೌಹಾರಿದರು. ಪಂಚಾಮೃತ ಕುಡಿದದ್ದು ನೀರಿಗೆ ಅಂಜುವುದಿಲ್ಲ ಎಂದೆ. ವಖಾರಿಯ ಮುಂದೆ ಮೂರು ಕಲ್ಲು ಹೂಡಿ, ಹಂಡೆಯಲ್ಲಿ ನೀರು ಕುದಿಸಿ, ಸುರಿದೆವು, ಬಸಿದೆವು, ಮತ್ತೆ ಸುರಿದೆವು. ಮೊದಲು ಕಾಕಂಬಿಯಂಥ ನೀರು ಬಂತು, ಆಮೇಲೆ ಕಾಫಿಯಂಥದು. ಮೂರನೆಯ ದಿನ ಮಿಸ್ತ್ರಿಯವರು ಮುಂದಿನ ಹ್ಯಾಂಡಲಿಗೆ ಕೈ ಹಾಕಿ ಒತ್ತಿದಾಗ ಇಂಜಿನ್ನು ಒಂದು ಗೇಣು ತಿರುಗಿತು. ತಕ್ಷಣ ಒರೆಸಿ ಎಣ್ಣೆ ಹಾಕಿ, ಇಬ್ಬರೂ ನೆಲದ ಮೇಲೆ ಕುಳಿತುಬಿಟ್ಟೆವು.

ಉಳಿದ ಕೆಲಸಕ್ಕೆ ಏಳೆಂಟು ತಿಂಗಳು ಹಿಡಿಯಿತು. ಕೆಲವು ಸಾಮಾನು ಮುಂಬಯಿಯ ಗುಜರಿ ಪೇಟೆಯಿಂದ ತಂದೆವು, ಸಿಗದ್ದನ್ನು ಲೇಥಿನವರ ಬೆನ್ನು ಬಿದ್ದು ಮಾಡಿಸಿದೆವು. ಪೂಜೆಯ ನೀರು ಇಳಿದು ಇಳಿದು ಡ್ರೈವರನ ಕಾಲಡಿಯ ತಗಡು ಜರಡಿಯಾಗಿತ್ತು, ಹೊಸದು ಬೆಸೆಸಿದೆವು. ಬಣ್ಣ ಹಚ್ಚಿಸಲಿಲ್ಲ. ಅದು ನೋಡುವ ಗಾಡಿಯಲ್ಲ, ನಡೆಸುವ ಗಾಡಿ. ಬಣ್ಣ ಹೋದಲ್ಲಿ ಹೋಗಿದೆ, ನನ್ನ ತಲೆಯೇನು ಕಪ್ಪಗಿದೆಯೇ?

ಒಂದು ತಪ್ಪು ಮಾತ್ರ ಮಾಡಿದೆ. ಒಂದು ಸಂಜೆ, ಗಾಡಿಯ ಎಣ್ಣೆಗೈಯಲ್ಲೇ ಒಳಗೆ ಬಂದು ಮಡಿ ಕೆಡಿಸಿದೆ ಎಂದು ಅತ್ತೆಯವರು ಏನೋ ಅಂದಾಗ, ಪಂಚಾಮೃತದ ಕಥೆಯನ್ನು ಅವರ ಮುಖಕ್ಕೆ ಎಸೆದೆ. ನಿಮ್ಮ ಭಕ್ತಿಯೇ ಗಾಡಿಯನ್ನು ಕೊಂದಿತು ಎಂದೆ. ಎಂಬತ್ತೈದು ದಾಟಿದ ಜೀವ. ಅವರು ಎದ್ದು ದೇವರ ಕೋಣೆಗೆ ಹೋದರು. ಆಮೇಲೆ ಹಬ್ಬದವರೆಗೂ ಅವರು ನನ್ನ ಜೊತೆ ಊಟ, ಔಷಧ ಬಿಟ್ಟು ಬೇರೆ ಮಾತಾಡಲಿಲ್ಲ. ಮಾತು ನಿಜವಿತ್ತು, ಆಡಿದ ರೀತಿ ಕೆಟ್ಟದ್ದಿತ್ತು. ಅದಕ್ಕಾಗಿ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಖಂಡೇನವಮಿಯ ಬೆಳಿಗ್ಗೆ ವಖಾರಿಯ ಮುಂದೆ ಅರ್ಧ ಊರು ನೆರೆದಿತ್ತು. ಗಾಲಿಗಳ ಕೆಳಗೆ ನಾಲ್ಕು ಹೊಸ ಲಿಂಬೆಹಣ್ಣು ಇಟ್ಟರು. ಇಂಜಿನ್ನು ಚಾಲೂ ಮಾಡಿದೆ, ಒಂದು ಸಲ ಗುರ್ರೆಂದು ನಿಂತಿತು, ಎರಡನೆಯ ಸಲ ಹತ್ತಿಕೊಂಡಿತು. ಜನ ಹೋ ಎಂದರು. ಆಗ ಅತ್ತೆಯವರು ಬಂದರು, ಕೈಯಲ್ಲಿ ಅದೇ ಬೆಳ್ಳಿ ಬಟ್ಟಲು. ನನ್ನ ಮುಂದೆ ಹಿಡಿದರು. ನಾನು ಅಷ್ಟು ಆಡಿದ ಮೇಲೂ ಹಿಡಿದರು. ರೂಢಿಯೋ ಹಟವೋ ನನಗೆ ತಿಳಿಯಲಿಲ್ಲ. ಎಲ್ಲರ ಕಣ್ಣು ನನ್ನ ಮೇಲಿತ್ತು. ಹಾಕುವ ಹಾಗಿಲ್ಲ, ಚೆಲ್ಲುವ ಹಾಗಂತೂ ಇಲ್ಲ. ಬಟ್ಟಲನ್ನು ಕಣ್ಣಿಗೊತ್ತಿಕೊಂಡು ನಾನೇ ಎತ್ತಿ ಕುಡಿದೆ, ಕೊನೆಯ ಹನಿಯವರೆಗೆ. ಯಾರೋ ಹೆಂಗಸರು ಅಯ್ಯ ಅಂದರು. ಬಟ್ಟಲನ್ನು ತಿರುಗಿ ಅತ್ತೆಯವರ ಕೈಗೆ ಕೊಟ್ಟೆ. ಅವರು ಖಾಲಿ ಬಟ್ಟಲನ್ನು ನೋಡಿದರು, ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿದರು, ಕೋಲೂರಿಕೊಂಡು ಹೋಗಿ ಹಿಂದಿನ ಬಾಗಿಲು ತೆಗೆದು ಕಾರಿನಲ್ಲಿ ಕುಳಿತರು. ಇಳಿಯಿರಿ ಎನ್ನಲು ಮೈದುನನಿಗೂ ಧೈರ್ಯ ಬರಲಿಲ್ಲ.

ನಾಲ್ಕೂ ಹಣ್ಣು ಅರೆದು ಹೊರಟೆವು. ಹಿಂದೆ ಮೈದುನ ಮೋಟರ್‌ಸೈಕಲ್ ಮೇಲೆ. ರಸ್ತೆಯ ಅರ್ಧ ಭಾಗದಲ್ಲಿ ಸೋಯಾಬೀನ್ ಒಣಹಾಕಿದ್ದರು, ಅದನ್ನು ತಪ್ಪಿಸುತ್ತಾ ಸಾವಕಾಶ ನಡೆಸಿದೆ. ಗೇರಿನ ಕಡ್ಡಿ ನಾನು ಅಂದು ಹಿಂದಿನ ಸೀಟಿನಿಂದ ಕಂಡಷ್ಟೇ ಹಗುರಾಗಿತ್ತು. ಚಿಕ್ಕೋಡಿ ಮುಟ್ಟಿ, ಬಸ್ ನಿಲ್ದಾಣದ ಹತ್ತಿರ ತಿರುಗಿಸಿಕೊಂಡೆ. ಬರುವಾಗ ಬಿಸಿಲು ಏರಿತ್ತು. ಒಂದು ಏರಿನಲ್ಲಿ ಗಾಡಿ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ನಮ್ಮ ಕಡೆಯ ಜನರ ಒಳ್ಳೆಯತನ ಅವತ್ತು ನನಗೆ ವೈರಿಯಾಯಿತು. ಗಾಡಿ ನಿಂತರೆ ಸಾಕು, ಯಾರೂ ಕರೆಯದಿದ್ದರೂ ದಬ್ಬಲು ಓಡಿ ಬರುತ್ತಾರೆ. ಹೊಲದಿಂದ ನಾಲ್ವರು ಬಂದರು, ಬಸ್ಸು ನಿಲ್ಲಿಸಿ ಆರು ಜನ ಇಳಿದರು. ಮೈದುನ ಮೋಟರ್‌ಸೈಕಲ್ ನಿಲ್ಲಿಸಿ ಕೈಕಟ್ಟಿ ನೋಡುತ್ತಿದ್ದ. ಬಿಸಿಲಿಗೆ ನಳಿಗೆಯಲ್ಲಿನ ಪೆಟ್ರೋಲು ಕಾಯ್ದು ಹೀಗಾಗುತ್ತದೆ, ಒದ್ದೆ ಬಟ್ಟೆ ಸುತ್ತಿ ಸುಮ್ಮನೆ ಕಾಯಬೇಕು ಎಂದು ಮಿಸ್ತ್ರಿಯವರು ಹೇಳಿಕೊಟ್ಟಿದ್ದರು. ನಾನು ಮುಚ್ಚಳ ಎತ್ತಿ, ಬಾಟಲಿಯ ನೀರಿನಲ್ಲಿ ಟವೆಲ್ ತೋಯಿಸುತ್ತಾ, ಬೇಡ ಬೇಡ ಎನ್ನುತ್ತಿದ್ದೆ. ಕೇಳುವವರು ಯಾರು? ಇಬ್ಬರ ಕೈ ಡಿಕ್ಕಿಯ ಹತ್ತಿರ ಬಂತು. ಹಿಂದಿನ ಕಿಟಕಿಯಿಂದ ಕೋಲೊಂದು ಹೊರಗೆ ಬಂತು.

"ಯಾರೂ ಕೈ ಹಚ್ಚಬ್ಯಾಡ್ರಿ," ಎಂದರು ಅತ್ತೆಯವರು. "ನಮ್ಮ ಗಾಡಿ ದಮ್ಮ ತಗೊಳ್ಳಾಕತ್ತೈತಿ."

ಜನ ಹಿಂದೆ ಸರಿದರು. ಕೋಲು ಹೊರಗೇ ಇತ್ತು. ಅರ್ಧ ತಾಸು ಹಾಗೆಯೇ ಕಾದೆವು. ಬಸ್ಸಿನವರು ಬೇಸತ್ತು ಹೋದರು, ಹೊಲದವರು ಗಿಡದ ನೆರಳಿಗೆ ಕುಳಿತರು. ಆಮೇಲೆ ನಾನು ಚಾವಿ ತಿರುಗಿಸಿದೆ. ಗಾಡಿ ಚಾಲೂ ಆಯಿತು, ಏರು ಹತ್ತಿತು, ಅಕ್ಕೋಳ ಮುಟ್ಟಿತು. ಮೈದುನ ತಾನೇ ವಖಾರಿಯ ಬಾಗಿಲು ತೆರೆದು, ಚೀಲಗಳನ್ನು ಬದಿಗೆ ಸರಿಸಿದ.

ಅತ್ತೆಯವರನ್ನು ಕೈಹಿಡಿದು ಇಳಿಸಿದೆ. ಅವರು ಸೊಂಟದಿಂದ ಬಟ್ಟಲು ತೆಗೆದರು, ಗಾಲಿಗೆ ಅಂಟಿದ್ದ ಲಿಂಬೆಸಿಪ್ಪೆಯನ್ನು ಒಮ್ಮೆ ನೋಡಿದರು.

"ಬರೂ ವರ್ಸ ಬಟ್ಟಲಾ ನನ್ನ ಕೈಯಾಗ ಇರ್ಲಿ. ನಾ ಕುಡೀತೀನಿ. ನೀ ಗಾಡಿ ನೋಡ್ಕೋ."