ಕ್ಷೇಮದ ಸಾಲು

ನಮ್ಮ ಕನ್ನಡ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದು, ತುದಿ ಚೂಪಾಗಿ, ಶಾಯಿ ಹಿಡಿದು ನೇರಳೆ ಬಣ್ಣಕ್ಕೆ ತಿರುಗಿತ್ತು. ಉಳಿದ ಉಗುರುಗಳನ್ನೆಲ್ಲ ಒಪ್ಪವಾಗಿ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಸಾಕಿಕೊಂಡಿದ್ದರು. ತಪ್ಪು ತೋರಿಸಲು ಅವರಿಗೆ ಕೆಂಪು ಪೆನ್ನು ಬೇಕಿರಲಿಲ್ಲ. ತಪ್ಪಿನ ಕೆಳಗೆ ಉಗುರು ಊರಿ ಸರ್ರನೆ ಎಳೆಯುತ್ತಿದ್ದರು. ಹಾಳೆ ಹರಿಯುತ್ತಿತ್ತು. ಹರಿದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾವು ಬೆಂಚಿನ ಮೇಲೆ ನಿಲ್ಲಬೇಕಿತ್ತು.

ಕುದುರೆಮುಖದ ಗಣಿ ಇನ್ನೂ ಜೋರಾಗಿ ನಡೆಯುತ್ತಿದ್ದ ತೊಂಬತ್ತರ ದಶಕ ಅದು. ಅಪ್ಪನಿಗೆ ಗಣಿಯಲ್ಲಿ ಕೆಲಸ. ನಾನೂ ಅಪ್ಪನೂ ಕಾಲೋನಿಯ ಕ್ವಾರ್ಟರ್ಸಿನಲ್ಲಿದ್ದೆವು. ಅಮ್ಮ ಗೋಣಿಬೀಡಿನ ಹತ್ತಿರದ ನಮ್ಮೂರಿನಲ್ಲಿ ತುಂಡು ಕಾಫಿ ತೋಟವನ್ನೂ ಹಾಸಿಗೆ ಹಿಡಿದಿದ್ದ ಅಜ್ಜಿಯನ್ನೂ ನೋಡಿಕೊಂಡಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳಿಗೆ ಅಪ್ಪ ಒಬ್ಬನೇ ಮಗ.

ಏಳನೇ ಕ್ಲಾಸಿನಲ್ಲಿ ನಮಗೆ ಪತ್ರ ಬರೆಯುವುದನ್ನು ಕಲಿಸಿದವರು ಈ ಮೇಷ್ಟ್ರು. ಬೋರ್ಡಿನ ಮೇಲೆ ಬರೆದು, ಕಾಪಿ ಮಾಡಿಸಿ, ಕೈ ತೊಳೆದುಕೊಳ್ಳುವವರಲ್ಲ. “ಪುಸ್ತಕದ ಕಾಗದ ಯಾರ ಮನೆಗೂ ಹೋಗಲ್ಲ. ಹೋಗದ ಕಾಗದ ಬರ್ದು ಯಾರು ಉದ್ಧಾರ ಆಗಿದಾರೆ?” ಎನ್ನುತ್ತಿದ್ದರು. ಶನಿವಾರ ಬೆಳಿಗ್ಗೆ ತಾವೇ ಪೋಸ್ಟ್ ಕಾರ್ಡು ತಂದು ಹಂಚುತ್ತಿದ್ದರು. ನಿಜವಾದ ಜನರಿಗೆ ನಿಜವಾದ ಕಾಗದ. ಕ್ಲಾಸು ಮುಗಿದ ಮೇಲೆ ಕಟ್ಟು ಹಿಡಿದು ಹೋಗಿ ತಾವೇ ಡಬ್ಬಿಗೆ ಹಾಕುತ್ತಿದ್ದರು. ವ್ಯವಹಾರದ ಪತ್ರಕ್ಕೆ ‘ಇವರಿಂದ’, ‘ಇವರಿಗೆ’, ‘ವಿಷಯ’. ಮನೆಯ ಪತ್ರಕ್ಕೆ ಬಲಮೂಲೆಯಲ್ಲಿ ಊರು, ತಾರೀಖು. ಆಮೇಲೆ ದೊಡ್ಡವರಿಗೆ ನಮಸ್ಕಾರ. ಆಮೇಲೆ ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’. ಇಷ್ಟಾದ ಮೇಲೆ ಹೇಳಬೇಕಾದ ಮಾತು. “ವಿಳಾಸ ನೆಟ್ಟಗಿರ್ಲಿ, ಅಳೋದು ಆಮೇಲೆ” ಎಂಬುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಅವರ ಅಕ್ಷರ ಮಾತ್ರ ನೋಡುತ್ತಲೇ ಇರಬೇಕು ಅನ್ನುವಷ್ಟು ಚೆಂದ.

ಒಮ್ಮೆ ಒಬ್ಬ ಹುಡುಗ ಹೊಟ್ಟೆನೋವೆಂದು ರಜಾ ಅರ್ಜಿ ಬರೆದು ತಂದ. ಅದರಲ್ಲಿ ‘ವಿಷಯ’ದ ಸಾಲು ಇರಲಿಲ್ಲ. “ವಿಷಯ ಇಲ್ಲ ಅಂದ್ಮೇಲೆ ನೋವೂ ಇಲ್ಲ” ಎಂದು ಮೇಷ್ಟ್ರು ಅವನನ್ನು ಸಂಜೆಯವರೆಗೂ ಮೇಜಿನ ಪಕ್ಕ ನಿಲ್ಲಿಸಿಕೊಂಡರು. ಹುಡುಗ ಅಲ್ಲೇ ವಾಂತಿ ಮಾಡಿಕೊಂಡ. ನಾವು ನಕ್ಕೆವು. ಅವರ ಕ್ಲಾಸಿನಲ್ಲಿ ನಗುವುದಕ್ಕೆ ಸಿಗುತ್ತಿದ್ದದ್ದು ಅಂಥದ್ದೇ.

ಆ ವರ್ಷ ಮಳೆ ಹಿಡಿದ ಮೇಲೆ ಅಪ್ಪ ಕುಡಿಯಲು ಶುರುಮಾಡಿದ. ಶಿಫ್ಟು ಮುಗಿಸಿ ಬಂದವನು ಉಣ್ಣದೆ ಮಲಗಿಬಿಡುತ್ತಿದ್ದ. ಅಮ್ಮನಿಗೆ ಹೇಳಬೇಕಿತ್ತು. ಕಾರ್ಡಿನಲ್ಲಿ ಬರೆದರೆ ಪೋಸ್ಟ್‌ಮ್ಯಾನಿನಿಂದ ಹಿಡಿದು ಊರಿಗೆ ಊರೇ ಓದುತ್ತದೆ. ಕ್ಷೇಮ ಅನ್ನೋಣವೆಂದರೆ ನಾವು ಕ್ಷೇಮವಾಗಿರಲಿಲ್ಲ, ಸುಳ್ಳು ಬರೆಯಲು ಕೈ ಬರಲಿಲ್ಲ. ಆ ಸಾಲನ್ನೇ ಬಿಟ್ಟು ಬರೆದೆ: ‘ಅಮ್ಮಾ, ಅಪ್ಪನ ವಿಷಯ ಇದರಲ್ಲಿ ಬರೆಯಲು ಆಗುವುದಿಲ್ಲ. ಕೂಡಲೇ ಹೊರಟು ಬಾ.’

ನಮ್ಮ ಕಡೆ ಕ್ಷೇಮದ ಸಾಲಿಲ್ಲದೆ ಬಂದ ಕಾಗದವೆಂದರೆ ಸಾವಿನ ಕಾಗದ. ದೊಡ್ಡವರಿಗೆಲ್ಲ ಗೊತ್ತಿದ್ದ ಈ ರೂಢಿ ನನಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಕಾರ್ಡು ಓದಿ, ನನ್ನ ಮುಖ ನೋಡಿ, ಮತ್ತೊಮ್ಮೆ ಓದಿದರು.

“ಕ್ಷೇಮ ಎಲ್ಲಿ?”

“ಮರ್ತೋಯ್ತು ಸಾರ್. ಬೇರೆ ಬರ್ಕೊಡ್ತೀನಿ.”

“ಬೇಡ. ಇದು ಹೀಗೇ ಹೋಗ್ಲಿ. ಹರಿದು ಹರಿದು ಸಾಕಾಗಿದೆ, ನೀವ್ಯಾರೂ ಕಲಿಯಲ್ಲ.”

ಕಾರ್ಡನ್ನು ಕಟ್ಟಿನೊಳಗೆ ಸೇರಿಸಿದರು. ಬೆಂಚಿನ ಮೇಲೆ ನಿಲ್ಲುವುದು ತಪ್ಪಿತಲ್ಲ ಎಂದು ನಾನು ಹಿಗ್ಗಿದೆ.

ಮುಂದಿನ ವಾರ ಒಂದು ಮಧ್ಯಾಹ್ನ ಅಮ್ಮ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು, ಜೊತೆಗೆ ಸೋದರಮಾವ. ಕಾರ್ಡು ಹಿಂದಿನ ದಿನ ತಲುಪಿತ್ತು. ಗಾಳಿಗೆ ಮರ ಬಿದ್ದು ಊರಿನ ಫೋನು ಕೆಟ್ಟಿತ್ತು. ಬೆಳಗಿನ ಮೊದಲ ಬಸ್ಸು ಹಿಡಿದು ಕೊಟ್ಟಿಗೆಹಾರ, ಕಳಸ ದಾಟಿ ಬಂದು, ಕ್ವಾರ್ಟರ್ಸಿಗೆ ಬೀಗ ಇದ್ದದ್ದು ಕಂಡು ಸ್ಕೂಲಿಗೆ ಬಂದಿದ್ದರು. ಅಮ್ಮ ತಲೆ ಬಾಚಿರಲಿಲ್ಲ. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

“ಎಲ್ಲಿ ಮಲಗ್ಸಿದಾರೆ?” ಎಂದಳು.

“ಯಾರನ್ನ?”

“ನಿನ್ನಪ್ಪನ್ನ.”

“ಅಪ್ಪ ಡ್ಯೂಟಿಗೆ ಹೋಗಿದಾರಲ್ಲಮ್ಮಾ.”

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೆಳಗೆ ಕುಸಿದಳು. ಮೇಷ್ಟ್ರು ಕೈಯಲ್ಲಿದ್ದ ಚಾಕ್‌ಪೀಸನ್ನೂ ಕೆಳಗಿಡಲಿಲ್ಲ. ಕ್ಲಾಸಿನ ಕಡೆ ತಿರುಗಿ, “ನೋಡಿದ್ರಾ? ಕ್ಷೇಮ ಬಿಟ್ರೆ ಓದಿದೋರಿಗೆ ಏನಾಗುತ್ತೆ ಅಂತ? ಇದನ್ನ ಬೋರ್ಡ್ ಮೇಲೆ ಬರ್ದು ಕಲಿಸೋಕಾಗುತ್ತಾ?” ಎಂದರು. ಆಮೇಲೆ ಅಮ್ಮನಿಗೆ, “ಏಳಿ ಅಮ್ಮಾ, ಏನೂ ಆಗಿಲ್ಲ. ನಿಮ್ಮ ಮಗಳು ಇನ್ನು ಜನ್ಮದಲ್ಲಿ ಈ ತಪ್ಪು ಮಾಡಲ್ಲ” ಎಂದು ಸಮಾಧಾನವನ್ನೂ ಹೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಾವ ಮುಂದೆ ನುಗ್ಗಿದ. ಅಮ್ಮ ಅವನ ಕೈ ಹಿಡಿದು ಎಳೆದುಕೊಂಡಳು.

ಅಮ್ಮನಿಗೆ ಆಗ ಇದ್ದದ್ದು ಒಂದೇ ಚಿಂತೆ. ಕಾರ್ಡಿನ ಸುದ್ದಿ ಕೇಳಿದಾಗಿನಿಂದ ಅಜ್ಜಿ ನೀರು ಮುಟ್ಟಿರಲಿಲ್ಲ. ಪಕ್ಕದ ಮನೆಯವರ ಕೈಗೆ ಒಪ್ಪಿಸಿ ಬಂದಿದ್ದರು. ಅಪ್ಪ ಬದುಕಿದ್ದಾನೆಂದು ಹೇಳಿ ಕಳಿಸಲು ಫೋನಿಲ್ಲ, ವಾಪಸು ಹೋಗಲು ಆ ಹೊತ್ತಿಗೆ ಬಸ್ಸಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರೂ ಹೊರಟೆವು. “ಮಗನ್ನ ಒಂದ್ಸಲ ಕಣ್ಣಲ್ಲಿ ನೋಡಿದ್ರೆ ಎದ್ದು ಕೂತ್ಕೋತಾರೆ” ಎಂದು ಅಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು.

ಮನೆಯಂಗಳದಲ್ಲಿ ಜನ ನಿಂತಿದ್ದರು. ಅಪ್ಪನನ್ನು ನೋಡಿ ಇಬ್ಬರು ಹೆಂಗಸರು ಕಿರುಚಿದರು. ಅಜ್ಜಿ ಬೆಳಗಿನ ಜಾವ ಹೋಗಿಬಿಟ್ಟಿದ್ದಳು. “ಹೆಣ ಬರುತ್ತೆ, ಬಾಗ್ಲು ಹಾಕ್ಬೇಡಿ” ಎಂದು ಕೊನೆಯವರೆಗೂ ಹೇಳುತ್ತಿದ್ದಳಂತೆ. ಅಪ್ಪ ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ, “ಅಮ್ಮಾ, ನಾನು ಬಂದಿದೀನಿ” ಎಂದ. ಯಾರೋ ಹಿಡಿದು ಎಬ್ಬಿಸುವವರೆಗೂ ಅದನ್ನೇ ಹೇಳುತ್ತಿದ್ದ.

ತಿಥಿ ಮುಗಿಸಿ ಬಂದ ಮೇಲೆ ಅಪ್ಪ ಬೋಳಿಸಿದ ತಲೆಯಲ್ಲೇ ನನ್ನನ್ನು ಸ್ಕೂಲಿಗೆ ಕರೆದುಕೊಂಡು ಹೋದ. ನಾನು ರಜಾ ಅರ್ಜಿ ಕೊಟ್ಟೆ. ಮೇಷ್ಟ್ರು ಓದಿ, “ಹ್ಞಾಂ, ಈಗ ಸರಿಯಾಗಿದೆ” ಎಂದರು.

“ನಮ್ಮಮ್ಮ ಹೋದ್ರು ಮೇಷ್ಟ್ರೇ. ಆ ಕಾರ್ಡಿಂದ” ಎಂದ ಅಪ್ಪ.

“ವಯಸ್ಸಾಗಿತ್ತಲ್ಲ ಮಾರಾಯ್ರೇ. ಕಾರ್ಡು ಒಂದು ನೆಪ.”

ಅಪ್ಪ ನನ್ನನ್ನು ಅಲ್ಲೇ ಬಿಟ್ಟು ಡ್ಯೂಟಿಗೆ ಹೋದ. ಅವತ್ತಿನಿಂದ ಅವನು ಕುಡಿಯಲಿಲ್ಲ. ಸಾವಿನ ಗಲಾಟೆಯಲ್ಲಿ ಅಮ್ಮ ಕೇಳಲಿಲ್ಲ, ನಾನು ಅವಳಿಗೆ ಹೇಳಬೇಕೆಂದಿದ್ದ ವಿಷಯ ಹೇಳದೇ ಉಳಿಯಿತು.

ಗಣಿ ನಿಂತಿತು, ಕಾಲೋನಿ ಖಾಲಿಯಾಯಿತು. ಮೇಷ್ಟ್ರು ನಿವೃತ್ತರಾಗಿ ಕಳಸದಲ್ಲಿ ಮಗಳ ಮನೆ ಸೇರಿದರು. ನಾವು ಊರಿಗೆ ಬಂದೆವು. ನನಗೆ ಮೂಡಿಗೆರೆಯ ಒಂದು ಆಫೀಸಿನಲ್ಲಿ ಪತ್ರಗಳ ಕರಡು ಬರೆಯುವ ಕೆಲಸ ಸಿಕ್ಕಿತು. ನನ್ನ ಕರಡಿನಲ್ಲಿ ತಿದ್ದಲು ಏನೂ ಇರುವುದಿಲ್ಲ ಎಂದು ಸಾಹೇಬರು ನಾಲ್ಕು ಜನರೆದುರು ಹೇಳುತ್ತಾರೆ. ನಾನು ಉಣ್ಣುವ ಅನ್ನ ಆ ಮನುಷ್ಯ ಕಲಿಸಿದ ವಿದ್ಯೆಯದು. ಒಪ್ಪಿಕೊಳ್ಳಲು ಮೈ ಉರಿಯುತ್ತದೆ, ಆದರೂ ನಿಜ.

ಒಂದು ಸಲ ಮದುವೆಗೆಂದು ಕಳಸಕ್ಕೆ ಹೋದಾಗ ಅಮ್ಮ ತಾನಾಗಿಯೇ, “ಆ ಮೇಷ್ಟ್ರ ಮನೆಗೆ ಹೋಗ್ಬೇಕು” ಎಂದಳು. ಮೇಷ್ಟ್ರು ಸೊರಗಿಹೋಗಿದ್ದರು, ಕಾಲು ಸ್ವಾಧೀನದಲ್ಲಿರಲಿಲ್ಲ. ನನ್ನ ಗುರುತು ಹೇಳಿದ್ದೇ ತಡ, ಕಾಫಿ ತಂದ ಮಗಳಿಗೆ, “ಇವಳೇ ಕಣೇ, ಆ ಕಾರ್ಡಿನ ಹುಡುಗಿ!” ಎಂದು ಕಣ್ಣರಳಿಸಿದರು. ಆ ಮನೆಯಲ್ಲಿ ನಾನೊಂದು ಹಳೆಯ ತಮಾಷೆಯ ಕಥೆ ಎಂಬುದು ಮಗಳ ನಗುವಿನಿಂದಲೇ ತಿಳಿಯಿತು.

ಅಮ್ಮ ಲೋಟ ಕೆಳಗಿಟ್ಟಳು. “ನಮ್ಮತ್ತೆ ಬಾಗ್ಲು ನೋಡ್ತಾ ನೋಡ್ತಾ ಪ್ರಾಣ ಬಿಟ್ರು ಮೇಷ್ಟ್ರೇ. ಮಗ ಸತ್ತ ಅಂತಲೇ ತಿಳ್ಕೊಂಡು ಹೋದ್ರು.”

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅದಾದ್ಮೇಲೆ ಇವಳು ಯಾವತ್ತಾದ್ರೂ ತಪ್ಪು ಬರೆದಿದಾಳಾ?” ಎಂದು ಕೇಳಿದರು.

“ಇಲ್ಲ” ಎಂದಳು ಅಮ್ಮ.

“ಮತ್ತೆ!” ಎಂದು ಕಾಫಿ ಎತ್ತಿಕೊಂಡರು.

ಮರುವರ್ಷ ಒಂದು ಭಾನುವಾರ ಅವರು ತೀರಿಕೊಂಡ ಸುದ್ದಿ ಬಂತು. ನನಗೆ ದುಃಖವಾಗಲಿಲ್ಲ. ಅಮ್ಮ ಒಳಗೆ ಹೋಗಿ ಕಡಲೆಬೇಳೆ ಬೇಯಲು ಇಟ್ಟಳು. ಹಬ್ಬವಿರಲಿಲ್ಲ, ನೆಂಟರೂ ಬಂದಿರಲಿಲ್ಲ. ಮಧ್ಯಾಹ್ನ ಎಲ್ಲರ ತಟ್ಟೆಗೂ ಹೋಳಿಗೆ ಬಡಿಸಿದಳು. ಯಾರ ಮೇಲೂ ಒಮ್ಮೆಯೂ ದನಿ ಎತ್ತರಿಸದ ನನ್ನ ಅಪ್ಪ ತಲೆ ಬಗ್ಗಿಸಿಕೊಂಡು ತಿಂದು, ತುಪ್ಪ ಹಾಕಿಸಿಕೊಂಡು, ಇನ್ನೊಂದು ಕೇಳಿದ.