ಔಷಧಿ ಮಾರದ ಅಂಗಡಿ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿ ಇತ್ತು. ತಾತ ಹಾಕಿದ್ದು. ಆಗ ಸುತ್ತಮುತ್ತ ಹತ್ತಿ ಬೆಳೆಯುತ್ತಿದ್ದರು. ಗೋಣಿಚೀಲ, ಹಗ್ಗ, ಸೀಮೆಎಣ್ಣೆ, ಉಪ್ಪು, ಬೆಲ್ಲ, ಹತ್ತಿ ಬಿಡಿಸಿ ಬೆರಳು ತರಚಿಕೊಂಡ ಹೆಂಗಸರಿಗೆ ಕೊಬ್ಬರಿ ಎಣ್ಣೆ, ಎಲ್ಲ ನಮ್ಮಲ್ಲಿ ಸಿಗುತ್ತಿತ್ತು. ಅಪ್ಪನ ಕಾಲಕ್ಕೆ ಹತ್ತಿಯ ಹುಳಕ್ಕೆ ಹೊಡೆಯುವ ಔಷಧಿಯೂ ಬಂತು. ಆಮೇಲೆ ಅಂಗಡಿ ನಡೆದದ್ದೇ ಅದರಿಂದ.

ಅಪ್ಪ ತಮಾಷೆಯ ಮನುಷ್ಯ. ಸಾಮಾನು ಬೇಡದವರೂ ಅವನ ಮಾತು ಕೇಳಲು ಜಗಲಿಯ ಮೇಲೆ ಬಂದು ಕೂರುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಪಕ್ಕದ ಬೀದಿಯ ಹೆಂಗಸೊಬ್ಬಳು ಔಷಧಿಗೆ ಬಂದಳು. ಅವಳ ಮಗಳೂ ನಾನೂ ಸ್ಕೂಲಿನಲ್ಲಿ ಒಂದೇ ಬೆಂಚು. ಬಾಟಲಿ ಕೈಗೆ ತೆಗೆದುಕೊಂಡವಳು, “ಅಣ್ಣಾ, ಇದ್ರಲ್ಲಿ ಹೇನೂ ಸಾಯ್ತದಾ? ಮಗೀಗೆ ತಲೆ ತುಂಬಾ ಹೇನು” ಅಂದಳು.

ಅಪ್ಪ ಬೆಲ್ಲ ತೂಗುತ್ತಿದ್ದ. ತಲೆಯೆತ್ತದೆ, “ಹೇನ್ಯಾಕವ್ವ, ಆನೇನೇ ಸಾಯ್ತದೆ” ಎಂದ. ಜಗಲಿಯ ಮೇಲಿದ್ದವರು ನಕ್ಕರು. ನಾನೂ ನಕ್ಕೆ. ಅವಳೂ ನಗುತ್ತಲೇ ಹೋದಳು.

ಮಾರನೆಯ ದಿನ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಇರಲಿಲ್ಲ. ತಲೆಗೆ ಔಷಧಿ ಹಚ್ಚಿ, ಬಟ್ಟೆ ಕಟ್ಟಿ ಕೂರಿಸಿದ್ದರಂತೆ. ವಾಂತಿ ಶುರುವಾದ ಮೇಲೆ ಬಾಡಿಗೆ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಸಾಗಿಸಿದರು. ಎರಡು ದಿನ ಇದ್ದಳು, ಅಷ್ಟೇ.

ಮಣ್ಣು ಮಾಡಿದ ಮೇಲೆ ಅಪ್ಪ ಅವರ ಮನೆಗೆ ಹೊರಟ. ಅಮ್ಮ ತಡೆದರೂ ಕೇಳಲಿಲ್ಲ. ನಾನೂ ಹಿಂದೆ ಹೋದೆ. ಆ ತಾಯಿ ಗೋಡೆಗೊರಗಿ ಕೂತಿದ್ದಳು.

“ನೀನು ಕೇಳ್ದಾಗ ಬ್ಯಾಡ ಅನ್ನಬೇಕಾಗಿತ್ತು ಕಣವ್ವ. ನಗ್ಸಾಕೋದೆ” ಎಂದ ಅಪ್ಪ.

ಅವಳು “ಹಚ್ಚಿದ್ದು ನನ್ ಕೈ ಕಣಣ್ಣ” ಅಂದಳು.

ಮರುದಿನ ಅಪ್ಪ ಉಳಿದಿದ್ದ ಬಾಟಲಿಗಳನ್ನೆಲ್ಲ ಹಾಸನಕ್ಕೆ ಒಯ್ದು, ತಂದ ಕಡೆಗೇ ವಾಪಸು ಕೊಟ್ಟು ಬಂದ. ರೈತರು ಕೇಳಿದರೆ “ನಮ್ಮಲ್ಲಿಲ್ಲ” ಅನ್ನುವುದೊಂದೇ ಮಾತು. ಅವರಿಗೋ ವಾರವಾರವೂ ಔಷಧಿ ಬೇಕು. ಅದಕ್ಕೆ ಹೊಳೆನರಸೀಪುರಕ್ಕೆ ಹೋದವರು ಉಪ್ಪು, ಸೋಪನ್ನೂ ಅಲ್ಲಿಂದಲೇ ತಂದರು. “ಎಲ್ರೂ ಮಾರ್ತಾವ್ರೆ, ನೀನೊಬ್ನು ಬುಟ್ರೆ ಏನಾದದು?” ಎಂದು ಚಿಕ್ಕಪ್ಪ ಜಗಳವಾಡಿದ. ಅಪ್ಪ ತಮಾಷೆ ಬಿಟ್ಟ ಮೇಲೆ ಜಗಲಿಗೂ ಜನ ಬರಲಿಲ್ಲ.

ಆ ಹೆಂಗಸು ಮಾತ್ರ ನಮ್ಮ ಅಂಗಡಿಗೇ ಬರುತ್ತಿದ್ದಳು. ಅವಳು ದೂರದಲ್ಲಿ ಕಂಡರೆ ಸಾಕು, ಅಪ್ಪ ಅಂಗಡಿಯಲ್ಲಿ ಅಮ್ಮನನ್ನು ಕೂರಿಸಿ ಒಳಗೆ ಹೋಗಿಬಿಡುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ಒಮ್ಮೆ ಅವಳು ಬಾಗಿಲಲ್ಲೇ ನಿಂತು, ಒಳಗೆ ಕೇಳುವಂತೆ ಹೇಳಿದಳು: “ಅಣ್ಣಾ, ಒಸಿ ಈಚೆ ಬನ್ನಿ. ನಮ್ಮನೇಲಿ ಅವಳ ಮಾತ ಯಾರೂ ಎತ್ತಾಕಿಲ್ಲ. ನಿಮಗಾದ್ರೂ ಅವಳು ನೆಪ್ಪಲ್ಲವ್ಳೆ ಅಂತ ನಾನು ಇಲ್ಲೀಗಂಟ ಬತ್ತೀನಿ.”

ಅಪ್ಪ ಬಂದ. ಆ ಹುಡುಗಿ ಅಂಗಡಿಗೆ ಬಂದು ಹುರಿಗಡಲೆಗೆ ಕೈಯೊಡ್ಡುತ್ತಿದ್ದುದನ್ನು ಹೇಳಲು ಹೋಗಿ, ಅರ್ಧಕ್ಕೇ ಅತ್ತುಬಿಟ್ಟ.

ಈಗ ಆ ಹೊಲಗಳಲ್ಲಿ ಮುಸುಕಿನ ಜೋಳ, ಶುಂಠಿ. ಅಪ್ಪ ತೀರಿಕೊಂಡು ಮೂರು ವರ್ಷ. ಅಂಗಡಿ ಅವನೊಂದಿಗೇ ಮುಚ್ಚಿತು. ನಾನು ಊರಿಗೆ ಹೋದಾಗ ಆ ತಾಯಿ ನೋಡಲು ಬರುತ್ತಾಳೆ. ಮಗಳು ಸ್ಕೂಲಿನಲ್ಲಿ ಏನೇನು ಮಾಡುತ್ತಿದ್ದಳು ಎಂದು ಕೇಳುತ್ತಾಳೆ. ನನಗೆ ನೆನಪಿರುವುದು ಕಡಿಮೆ. ಇದ್ದದ್ದು ಹೇಳಿ ಮುಗಿದ ಮೇಲೆ, ಇಲ್ಲದ್ದನ್ನೂ ಒಂದಿಷ್ಟು ಸೇರಿಸಿ ಹೇಳುತ್ತೇನೆ.